ಹಳೆಯ ಕಾರಿಗೆ ಸ್ಪೀಡೋಮೀಟರ್ ಕೇಬಲ್ ಎಳೆಯುವ ಸರಿಯಾದ ಕ್ರಮ: ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ. ಹೊಸ ಸ್ಪೀಡೋಮೀಟರ್ ಕೇಬಲ್ ಹಾಕಿಸಿ ಎರಡು ತಿಂಗಳಾಗಿಲ್ಲ, ಮುಳ್ಳು ಮತ್ತೆ ಕುಣಿಯುತ್ತಿದೆ, ಇಲ್ಲವೇ ಪೂರ್ತಿ ನಿಂತೇ ಹೋಗಿದೆ. ಮಾಲು ಸರಿಯಿಲ್ಲವೆಂದು ಇನ್ನೊಂದು ಕೇಬಲ್ ತಂದು ಹಾಕುತ್ತಾರೆ. ಅದೂ ಹಾಗೇ ಆಗುತ್ತದೆ. ಎರಡನೆಯ ಕೇಬಲ್ ಕೂಡ ಬೇಗ ಹೋಯಿತೆಂದರೆ ಅಂಗಡಿಯನ್ನು ಬೈಯುವುದು ಬಿಟ್ಟು ಕೇಬಲ್ ಹಾದುಹೋಗುವ ದಾರಿಯನ್ನು ನೋಡಬೇಕು. ಎಲ್ಲೋ ಬಿಗಿಯಾದ ತಿರುವಿದೆ, ಎಲ್ಲೋ ಸೈಲೆನ್ಸರ್ ಪೈಪಿನ ಶಾಖ ತಗಲುತ್ತಿದೆ, ಇಲ್ಲವೇ ಮೀಟರೇ ಬಿಗಿಯಾಗಿ ಕೂತು ಕೇಬಲ್ಲನ್ನು ತಿರುಚಿ ಮುರಿಯುತ್ತಿದೆ.

ಕೆಲಸ ದೊಡ್ಡದಲ್ಲ, ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಕ್ರಮ ತಪ್ಪಿದರೆ ಕೆಡುತ್ತದೆ. ಮೊದಲು ಎರಡು ತುದಿಯ ಯಂತ್ರಗಳ ಪರೀಕ್ಷೆ, ಆಮೇಲೆ ದಾರಿ, ಆಮೇಲೆ ಗೇರ್‌ಬಾಕ್ಸ್ ತುದಿ, ನಂತರ ಮೀಟರ್ ತುದಿ, ಕೊನೆಗೆ ಕ್ಲ್ಯಾಂಪ್. ಬಹಳ ಮಂದಿ ಎರಡು ತುದಿಗಳನ್ನು ಮೊದಲು ಬಿಗಿದು, ಮಧ್ಯದಲ್ಲಿ ಉಳಿದ ಕೇಬಲ್ಲನ್ನು ಸಿಕ್ಕ ಸಂದಿಯಲ್ಲಿ ತುರುಕುತ್ತಾರೆ. ಅಲ್ಲಿಂದಲೇ ತೊಂದರೆ ಶುರು.

ಮೊದಲು ತಿಳಿಯಿರಿ: ಕೆಟ್ಟಿರುವುದು ಕೇಬಲ್ಲೇ?

ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಔಟ್‌ಪುಟ್ ಶಾಫ್ಟಿನ (ಗಾಲಿಗಳ ಕಡೆಗೆ ತಿರುಗುವಿಕೆ ಕಳಿಸುವ ದಂಡದ) ಮೇಲೆ ತಿರುಪಿನಂಥ ಹಲ್ಲುಗಳಿರುತ್ತವೆ. ಅವು ಪಕ್ಕದ ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿಯನ್ನು ತಿರುಗಿಸುತ್ತವೆ. ಪಿನಿಯನ್ ಕೇಬಲ್ಲಿನ ಒಳಗಿರುವ ಉಕ್ಕಿನ ಇನ್ನರನ್ನು ತಿರುಗಿಸುತ್ತದೆ. ಇನ್ನರ್ ಮೀಟರಿನೊಳಗೆ ಎರಡು ಕೆಲಸ ಮಾಡುತ್ತದೆ: ಹಲ್ಲುಗಾಲಿಗಳ ಮೂಲಕ ಕಿಲೋಮೀಟರ್ ಅಂಕಿಗಳನ್ನು ಓಡಿಸುತ್ತದೆ, ಜೊತೆಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತಕ್ಕೂ ಮುಳ್ಳಿಗೂ ನೇರ ಜೋಡಣೆಯಿಲ್ಲ. ಅದರ ಸುತ್ತ ಇರುವ ಲೋಹದ ಬಟ್ಟಲು ಅಯಸ್ಕಾಂತದ ಸೆಳೆತಕ್ಕೆ ತಿರುಗಲು ನೋಡುತ್ತದೆ, ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಡಿದಿಡುತ್ತದೆ. ಎರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದು ವೇಗ.

ಇಷ್ಟು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಮುಳ್ಳೂ ಇಲ್ಲ, ಕಿಲೋಮೀಟರ್ ಅಂಕಿಯೂ ಓಡುತ್ತಿಲ್ಲ ಎಂದರೆ ಹೆಚ್ಚಾಗಿ ಕೇಬಲ್ ಅಥವಾ ಪಿನಿಯನ್ ಹೋಗಿದೆ. ಎರಡರಲ್ಲಿ ಒಂದು ಸರಿಯಾಗಿ ನಡೆಯುತ್ತಿದ್ದರೆ ಕೇಬಲ್ ತಿರುಗುತ್ತಿದೆ ಎಂದೇ ಅರ್ಥ, ದೋಷ ಮೀಟರಿನೊಳಗಿದೆ. ಇಂಥ ಕಾರಿಗೆ ಹೊಸ ಕೇಬಲ್ ಹಾಕಿದರೆ ದುಡ್ಡು ದಂಡ. ಮುಳ್ಳು 20ರಿಂದ 40ರ ನಡುವೆ ತಾಳ ಹಾಕಿದ ಹಾಗೆ ಹಿಂದೆ ಮುಂದೆ ಹೊಡೆದುಕೊಂಡರೆ ಇನ್ನರ್ ಎಲ್ಲೋ ಮಡಿಸಿಕೊಂಡಿದೆ, ಒಣಗಿದೆ ಅಥವಾ ತಿರುವು ಬಿಗಿಯಾಗಿದೆ. ಮುಳ್ಳು ಒಮ್ಮೆಲೇ ಕೊನೆಯ ಅಂಕಿಗೆ ಹಾರಿ ಅಲ್ಲೇ ಅಂಟಿಕೊಂಡರೆ ಮೀಟರಿನೊಳಗೆ ಎಣ್ಣೆ ಅಥವಾ ಗ್ರೀಸ್ ಸೇರಿರುವ ಸಾಧ್ಯತೆ ಹೆಚ್ಚು. ಆ ಎಣ್ಣೆ ಎಲ್ಲಿಂದ ಬಂತೆಂಬುದು 2ನೇ ಹಂತದಲ್ಲಿದೆ.

ಬೇಕಾಗುವ ಸಾಮಾನು

ಒಂದು ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಗಾಲಿಗೆ ಕೊಡಲು ಮರದ ತುಂಡು ಅಥವಾ ಕಲ್ಲು. ಸ್ಪ್ಯಾನರ್ ಸೆಟ್, ಸ್ಕ್ರೂಡ್ರೈವರ್, ಪ್ಲೈಯರ್. ಪ್ಲೈಯರ್ ಬಿಚ್ಚುವುದಕ್ಕೆ ಮಾತ್ರ, ಬಿಗಿಯುವುದಕ್ಕೆ ಬೇಡ. ಟಾರ್ಚ್, ಸೀಮೆಎಣ್ಣೆ ಅಥವಾ ಡೀಸೆಲ್, ಒಣಬಟ್ಟೆ, ತೆಳುವಾದ ಲಿಥಿಯಂ ಗ್ರೀಸ್ ಸ್ವಲ್ಪ. ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ತೂತಿಗೆ ಹೊಸ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಒಂದು, ರಬ್ಬರ್ ಒಳಪದರವಿರುವ ಕ್ಲ್ಯಾಂಪ್ ಮೂರು ನಾಲ್ಕು, ಪಿನಿಯನ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಒಂದು. ಎರಡು ಮೀಟರ್ ಗಟ್ಟಿ ದಾರ ಮತ್ತು ಇನ್ಸುಲೇಷನ್ ಟೇಪ್.

ಇವುಗಳ ಜೊತೆ ರಟ್ಟಿನ ಅಳತೆಯೊಂದನ್ನು ಕತ್ತರಿಸಿಕೊಳ್ಳಿ. ಕೈವಾರದಲ್ಲಿ 15 ಸೆ.ಮೀ. ತ್ರಿಜ್ಯದ ವೃತ್ತ ಎಳೆದು ಅದರ ಕಾಲುಭಾಗ ಕತ್ತರಿಸಿದರೆ ಸಾಕು. ಕೇಬಲ್ಲಿನ ಯಾವ ತಿರುವೂ ಈ ರಟ್ಟಿನ ಬಾಗಿಗಿಂತ ಬಿಗಿಯಾಗಿರಬಾರದು. ಕಣ್ಣಳತೆಯಲ್ಲಿ ಎಲ್ಲ ತಿರುವೂ ಸರಿಯಾಗಿಯೇ ಕಾಣುತ್ತದೆ. ರಟ್ಟು ಹಿಡಿದಾಗ ನಿಜ ಗೊತ್ತಾಗುತ್ತದೆ.

ಹಂತ 1: ಹಳೆಯ ಕೇಬಲ್ ಬಿಚ್ಚುವುದು

ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತಿಂಗ್ ತಂತಿ ಬಿಚ್ಚಿ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕುವಾಗ ದಶಕಗಳಷ್ಟು ಹಳೆಯ ವಯರಿಂಗ್ ಕೈಗೆ ತಗಲುತ್ತದೆ. ಅಲ್ಲಿ ಒಂದು ಶಾರ್ಟ್ ಆದರೆ ಕೇಬಲ್ ವಿಷಯ ಮರೆತು ಬೆಂಕಿ ಆರಿಸಬೇಕಾಗುತ್ತದೆ. ಗಾಲಿಗೆ ಕಲ್ಲು ಕೊಟ್ಟು, ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆಯೇ ಕಾರಿನ ಕೆಳಗೆ ಹೋಗಿ. ಬರೀ ಜಾಕನ್ನು ನಂಬಿ ಯಾರೂ ಕೆಳಗೆ ಮಲಗಬೇಡಿ.

ಬಿಚ್ಚುವ ಮೊದಲು ಹಳೆಯ ಕೇಬಲ್ ಎಲ್ಲೆಲ್ಲಿ ಹೋಗಿದೆ ಎಂದು ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಆದರೆ ಅದನ್ನೇ ಸರಿಯೆಂದು ನಂಬಬೇಡಿ. ಕಂಪನಿಯಿಂದ ಬಂದ ದಾರಿ ಈ ಕಾರುಗಳಲ್ಲಿ ಎಷ್ಟೋ ರಿಪೇರಿಗಳ ಹಿಂದೆಯೇ ಕಳೆದುಹೋಗಿರುತ್ತದೆ. ಚಾಸಿಸ್ ಮತ್ತು ಫೈರ್‌ವಾಲ್ ಮೇಲೆ ಖಾಲಿ ಕ್ಲ್ಯಾಂಪ್ ತೂತುಗಳಿವೆಯೇ ಎಂದು ಹುಡುಕಿ. ಮೂಲ ದಾರಿ ಅವುಗಳಲ್ಲಿ ಬರೆದಿಟ್ಟಂತೆ ಇರುತ್ತದೆ.

ಮೀಟರಿನ ಹಿಂದಿನ ನಟ್ ಬಿಚ್ಚಿ. ಕೆಳಗೆ ಗೇರ್‌ಬಾಕ್ಸ್ ಬದಿಯ ನಟ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಜಿಡ್ಡು ಒರೆಸಿ, ಇಲ್ಲದಿದ್ದರೆ ಅದು ಗೇರ್‌ಬಾಕ್ಸಿನ ಒಳಗೆ ಬೀಳುತ್ತದೆ. ಕೇಬಲ್ಲನ್ನು ಎಳೆದು ತೆಗೆಯುವ ಮುನ್ನ ಅದರ ಒಂದು ತುದಿಗೆ ದಾರ ಕಟ್ಟಿ ಟೇಪ್ ಸುತ್ತಿ. ಕೇಬಲ್ ಹೊರಬಂದಾಗ ದಾರ ಅದರ ಜಾಗದಲ್ಲಿ ಉಳಿಯುತ್ತದೆ, ಹೊಸದನ್ನು ಎಳೆಯಲು ಬೇಕಾಗುತ್ತದೆ.

ಹಳೆಯದನ್ನು ಎಸೆಯಬೇಡಿ. ಇನ್ನರ್ ಮುರಿದಿದ್ದರೆ ಎಲ್ಲಿ ಮುರಿದಿದೆ ಎಂದು ತುದಿಯಿಂದ ಅಳೆಯಿರಿ. ಮಧ್ಯದಲ್ಲಿ ಮುರಿದಿದ್ದರೆ ಆ ಜಾಗದಲ್ಲೊಂದು ತಿರುವು ಇರುತ್ತದೆ. ಮೀಟರ್ ಬಳಿ ಮುರಿದಿದ್ದರೆ ಮೀಟರ್ ಬಿಗಿಯಾಗಿದೆಯೇ, ಅಥವಾ ಕೇಬಲ್ ಅಲ್ಲೇ ಅಡ್ಡ ತಿರುಗಿದೆಯೇ ನೋಡಿ. ಔಟರ್ (ಇನ್ನರ್ ಸುತ್ತಲಿನ ಹೊರ ಕೊಳವೆ) ಮೇಲಿನ ಪ್ಲಾಸ್ಟಿಕ್ ಕರಗಿದ ಜಾಗ, ಹೊಳೆಯುವಂತೆ ಉಜ್ಜಿದ ಜಾಗ, ಇಲಿ ಕಚ್ಚಿದ ಗುರುತು, ಎಲ್ಲವನ್ನೂ ಗಮನಿಸಿ. ದಾವಣಗೆರೆ ಸುತ್ತ ಮೆಕ್ಕೆಜೋಳ ತುಂಬಿದ ಗೋದಾಮಿನ ಮೂಲೆಯಲ್ಲಿ ಕಾರು ನಿಲ್ಲಿಸಿಡುವವರು ಇಲಿಯ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಪ್ಲಾಸ್ಟಿಕ್ ಹರಿದ ಔಟರಿಗೆ ನೀರು ಇಳಿದರೆ ಒಳಗೆ ತುಕ್ಕು ಹಿಡಿದು ಇನ್ನರ್ ಕಚ್ಚಿಕೊಳ್ಳುತ್ತದೆ.

ಹಂತ 2: ಎರಡು ತುದಿಯ ಯಂತ್ರಗಳ ಪರೀಕ್ಷೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೊಸ ಕೇಬಲ್ ಬೇಗ ಮುರಿಯುವುದಕ್ಕೆ ಇದೇ ದೊಡ್ಡ ಕಾರಣ.

ಹಳೆಯ ಇನ್ನರಿನ ಮೇಲ್ತುದಿ ಔಟರಿನಿಂದ ಎಷ್ಟು ಹೊರಗಿದೆ ಎಂದು ಅಳೆದಿಟ್ಟುಕೊಂಡು, ಅದರ ಚೌಕ ತುದಿ ಉಳಿದುಕೊಳ್ಳುವಂತೆ ಒಂದು ಗೇಣು ಕತ್ತರಿಸಿ, ಮೀಟರಿನ ಹಿಂದಿನ ಚೌಕ ತೂತಿಗೆ ಸೇರಿಸಿ, ಬೆರಳಿನಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ರೊಯ್ಯನೆ ತಿರುಗಿಸಿದರೆ ಮುಳ್ಳು ಸ್ವಲ್ಪ ಏಳಬೇಕು, ಬಿಟ್ಟಾಗ ಸೊನ್ನೆಗೆ ಬರಬೇಕು. ಬಿಗಿಯಾಗಿದ್ದರೆ, ಗರಗರ ಎಂದರೆ ಮೀಟರನ್ನು ತಿಳಿದವರ ಕೈಯಲ್ಲಿ ಬಿಚ್ಚಿಸಿ ಶುಚಿ ಮಾಡಿಸಿ, ಆಮೇಲೆ ಕೇಬಲ್ ಮಾತು. ತೂತಿನೊಳಗೆ ಎಣ್ಣೆ ಬಿಡುವ ಅಭ್ಯಾಸ ಬೇಡವೇ ಬೇಡ, ಅದು ಬಟ್ಟಲಿನ ತನಕ ಹರಿದು ಮುಳ್ಳನ್ನು ಕೆಡಿಸುತ್ತದೆ.

ಗೇರ್‌ಬಾಕ್ಸ್ ತುದಿಯಲ್ಲಿ ಪಿನಿಯನ್ ಹೊರತೆಗೆದು ಹಲ್ಲು ನೋಡಿ. ಕೆಳಗೊಂದು ಡಬ್ಬಿ ಇಟ್ಟುಕೊಳ್ಳಿ, ಸ್ವಲ್ಪ ಗೇರ್ ಆಯಿಲ್ ಸೋರುತ್ತದೆ. ಹಲ್ಲು ಸವೆದಿದ್ದರೆ ಅಥವಾ ಚೌಕ ತೂತು ದುಂಡಗಾಗಿದ್ದರೆ ಪಿನಿಯನ್ ಬದಲಾಯಿಸಿ. ಹೊಸದರಲ್ಲಿ ಹಲ್ಲಿನ ಸಂಖ್ಯೆ ಹಳೆಯದರಷ್ಟೇ ಇರಬೇಕು, ಒಂದು ಹಲ್ಲು ವ್ಯತ್ಯಾಸವಾದರೂ ಮೀಟರ್ ತಪ್ಪು ವೇಗ ತೋರಿಸುತ್ತದೆ.

ಸೀಲ್ ವಿಷಯಕ್ಕೆ ಬಂದರೆ, ಇನ್ನರ್ ಸುರುಳಿ ಸುತ್ತಿದ ಉಕ್ಕಿನ ತಂತಿ. ಪಿನಿಯನ್ ಸೀಲ್ ಸವೆದಿದ್ದರೆ ತಿರುಗುವ ಆ ಸುರುಳಿ ಗೇರ್ ಆಯಿಲನ್ನು ತಿರುಪಿನ ಹಾಗೆ ಮೇಲಕ್ಕೆ ಹತ್ತಿಸುತ್ತದೆ. ಎಣ್ಣೆ ಕೊನೆಗೆ ಮೀಟರಿನೊಳಗೆ ಸೇರುತ್ತದೆ, ಇಲ್ಲವೇ ಚಾಲಕನ ಕಾಲಿನ ಬಳಿ ತೊಟ್ಟಿಕ್ಕುತ್ತದೆ. ಹಳೆಯ ಕೇಬಲ್ಲಿನ ಮೇಲ್ತುದಿ ಎಣ್ಣೆಯಲ್ಲಿ ನೆನೆದಿದ್ದರೆ ಸೀಲ್ ಬದಲಿಸದೆ ಮುಂದೆ ಹೋಗಬೇಡಿ. ಕೆಲಸ ಮುಗಿದ ಮೇಲೆ ಗೇರ್‌ಬಾಕ್ಸಿನ ಎಣ್ಣೆ ಮಟ್ಟ ನೋಡಿ, ಕಡಿಮೆಯಾದಷ್ಟು ತುಂಬಿಸಿ.

ಹಂತ 3: ಹೊಸ ಕೇಬಲ್ಲಿನ ಅಳತೆ, ಪರೀಕ್ಷೆ, ಗ್ರೀಸ್

ಹೊಸದನ್ನೂ ಹಳೆಯದನ್ನೂ ನೆಲದ ಮೇಲೆ ಅಕ್ಕಪಕ್ಕ ಚಾಚಿ ನೋಡಿ. ಎರಡು ಕಡೆಯ ನಟ್, ಚೌಕ ತುದಿಯ ದಪ್ಪ, ಒಟ್ಟು ಉದ್ದ ಹೊಂದಬೇಕು. ಉದ್ದ ಇದ್ದರೆ ಒಳ್ಳೆಯದೇ ಎಂದು ಕೊಳ್ಳಬೇಡಿ, ಹೆಚ್ಚಾದ ಉದ್ದವನ್ನು ಎಲ್ಲಾದರೂ ಸುತ್ತಿಡಬೇಕಾಗುತ್ತದೆ, ಆ ಸುತ್ತೇ ಬಿಗಿ ತಿರುವಾಗುತ್ತದೆ. ಗಿಡ್ಡವಾದರೆ ರಬ್ಬರ್ ಮೌಂಟಿಂಗ್ ಮೇಲೆ ಎಂಜಿನ್ ಅಲುಗಿದಾಗಲೆಲ್ಲ ಕೇಬಲ್ ಜಗ್ಗಿಕೊಳ್ಳುತ್ತದೆ. ನಿಮ್ಮ ಕಾರಿನ ಕೇಬಲ್ ಸಿಗದೆ ಅಳತೆ ಕೊಟ್ಟು ಮಾಡಿಸುವುದಾದರೆ, ಕೇಬಲ್ಲಿನಷ್ಟೇ ದಪ್ಪದ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಪೂರ್ತಿ ದಾರಿಯಲ್ಲಿ ಹಾಯಿಸಿ ಅಳೆಯಿರಿ. ದಾರದಿಂದ ಅಳೆದರೆ ಅದು ಮೂಲೆ ಕತ್ತರಿಸಿಕೊಂಡು ಹೋಗಿ ಅಳತೆ ಗಿಡ್ಡ ಬರುತ್ತದೆ.

ಇನ್ನರ್ ಹೊರಗೆಳೆಯಲು ಬರುವಂತಿದ್ದರೆ ಎಳೆದು, ಎರಡು ಕೈಯಲ್ಲಿ ತುದಿಗಳನ್ನು ಹಿಡಿದು, ಮಧ್ಯ ಇಳಿಬಿಟ್ಟು, ಬೆರಳಿನಲ್ಲಿ ನಿಧಾನವಾಗಿ ಹೊರಳಿಸಿ. ನುಣುಪಾಗಿ ಹೊರಳಿದರೆ ಸರಿಯಿದೆ. ಒಂದು ಜಾಗಕ್ಕೆ ಬಂದಾಗ ಪಟಕ್ಕನೆ ಜಿಗಿದರೆ ಅಲ್ಲಿ ಮಡಿಕೆಯಿದೆ, ಹೊಸದಾದರೂ ವಾಪಸ್ ಕೊಡಿ. ಸುತ್ತಿಟ್ಟು ಮೂಲೆಗೆಸೆದ ಕೇಬಲ್ಲುಗಳಲ್ಲಿ ಇದು ಸಾಮಾನ್ಯ. ಮಡಿಕೆ ಬಿದ್ದ ಇನ್ನರನ್ನು ತಟ್ಟಿ ನೆಟ್ಟಗೆ ಮಾಡಲು ಆಗುವುದಿಲ್ಲ.

ಗ್ರೀಸ್ ಕಡಿಮೆಯಾದಷ್ಟು ಒಳ್ಳೆಯದು. ಬೆರಳಿಗೆ ಹಚ್ಚಿಕೊಂಡು ಇನ್ನರಿನ ಉದ್ದಕ್ಕೂ ತೆಳುವಾಗಿ ಸವರಿ, ಔಟರಿನೊಳಗೆ ತೂರಿಸಿ. ಆಮೇಲೆ ಮೀಟರ್ ತುದಿಯಿಂದ ಸುಮಾರು 20 ಸೆ.ಮೀ. ಹೊರಗೆಳೆದು, ಆ ಭಾಗದ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಮತ್ತೆ ಒಳಗೆ ತಳ್ಳಿ. ಹೀಗೆ ಮಾಡಿದರೆ ಗ್ರೀಸ್ ಮೀಟರಿನ ಒಳಗೆ ಹತ್ತುವುದಿಲ್ಲ. ಚಕ್ರದ ಬೇರಿಂಗಿಗೆ ಹಾಕುವ ದಪ್ಪ ಗ್ರೀಸ್ ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿ ಮುಳ್ಳನ್ನು ನಡುಗಿಸುತ್ತದೆ. ಎಂಜಿನ್ ಆಯಿಲ್ ಬೇಸಿಗೆಯ ಸೆಕೆಗೆ ಕೆಳಗೆ ಹರಿದು ಮೇಲ್ಭಾಗ ಒಣಗುತ್ತದೆ. ಇನ್ನರ್ ಹೊರಗೆ ಬರದ ಮಾದರಿಯಾದರೆ ತಯಾರಿಯಲ್ಲಿ ಹಾಕಿದ ಗ್ರೀಸ್ ಸಾಕು, ಏನೂ ಸುರಿಯಬೇಡಿ.

ಹಂತ 4: ದಾರಿ ಹಾಯಿಸುವುದು

ಈಗ ಮುಖ್ಯ ಕೆಲಸ. ಎರಡು ತುದಿಗೂ ಟೇಪ್ ಸುತ್ತಿ ಮುಚ್ಚಿ. ಚಳ್ಳಕೆರೆ, ಹಿರಿಯೂರು ಕಡೆಯ ಮಣ್ಣು ರಸ್ತೆಯಲ್ಲಿ ಓಡಿದ ಕಾರಿನ ಕೆಳಗೆ ಧೂಳು ಪದರಪದರವಾಗಿ ಕೂತಿರುತ್ತದೆ, ಗ್ರೀಸ್ ಹಚ್ಚಿದ ತುದಿಗೆ ತಗಲಿದರೆ ಮರಳು ಕಾಗದದ ಕೆಲಸ ಮಾಡುತ್ತದೆ. ಹಳೆಯ ದಾರಿ ಸರಿಯಿದ್ದರೆ ಉಳಿದ ದಾರಕ್ಕೆ ಹೊಸ ಕೇಬಲ್ ಕಟ್ಟಿ ಎಳೆಯಿರಿ. ಇಲ್ಲದಿದ್ದರೆ ಕಾರಿನ ಒಳಗಿನಿಂದ ಫೈರ್‌ವಾಲ್ ತೂತಿನ ಮೂಲಕ ಗೇರ್‌ಬಾಕ್ಸ್ ತುದಿಯನ್ನು ಕೆಳಗೆ ಬಿಡಿ. ನಟ್ ದೊಡ್ಡದಾಗಿ ಗ್ರಾಮೆಟ್ಟಿನಲ್ಲಿ ತೂರದಿದ್ದರೆ ಗ್ರಾಮೆಟ್ಟನ್ನು ಒಂದು ಕಡೆ ಸೀಳಿ ಕೇಬಲ್ ಮೇಲೆ ಕೂರಿಸಿ, ಕೊನೆಯಲ್ಲಿ ತೂತಿಗೆ ಒತ್ತಿ. ಗ್ರಾಮೆಟ್ ಇಲ್ಲದ ತಗಡಿನ ಅಂಚು ಕೆಲವೇ ತಿಂಗಳಲ್ಲಿ ಔಟರ್ ಕೊಯ್ಯುತ್ತದೆ, ಜೊತೆಗೆ ಎಂಜಿನ್ ಹೊಗೆ ಒಳಗೆ ಬರುತ್ತದೆ.

ದಾರಿಯುದ್ದಕ್ಕೂ ಇವುಗಳನ್ನು ನೋಡಿಕೊಳ್ಳಿ:

ಮೀಟರಿನ ಹಿಂದೆ ಕೇಬಲ್ ಕನಿಷ್ಠ 5 ಸೆ.ಮೀ. ನೇರವಾಗಿ ಬರಬೇಕು, ಆಮೇಲೆ ಬಾಗಬಹುದು. ಜಾಗ ಕಡಿಮೆಯೆಂದು ನಟ್ಟಿನ ಬುಡದಲ್ಲೇ ಬಾಗಿಸಿದರೆ ಇನ್ನರ್ ಅಡ್ಡ ಒತ್ತಿ ಮೀಟರಿನ ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ) ಸವೆಸುತ್ತದೆ. ಗೇರ್‌ಬಾಕ್ಸ್ ತುದಿಗೂ ಇದೇ ಮಾತು.

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಕವಲು ಕೊಳವೆ) ಮತ್ತು ಅದರಿಂದ ಇಳಿಯುವ ಪೈಪಿನಿಂದ ಕನಿಷ್ಠ 10 ಸೆ.ಮೀ. ದೂರವಿರಲಿ. 1489 ಸಿಸಿ ಪೆಟ್ರೋಲ್ ಎಂಜಿನ್ ಇರುವ ಅಂಬಾಸಿಡರಿನಲ್ಲಿ ಮ್ಯಾನಿಫೋಲ್ಡ್ ಎಡಬದಿಗಿದೆ, ಆದ್ದರಿಂದ ಕೇಬಲ್ಲನ್ನು ಎಡಕ್ಕೆ ದಾಟಿಸುವ ದಾರಿ ಹುಡುಕಲೇಬೇಡಿ.

ಗೇರ್ ಕೈಯಿಂದ ಹಾಕುವ ಕಾರಿನಲ್ಲಿ ಅಲುಗಾಡುವ ಭಾಗಗಳೇ ಜಾಸ್ತಿ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಹಳೆಯ ಮಾದರಿಗಳಲ್ಲಿ ಗೇರಿನ ಸರಳುಗಳು ಸ್ಟೇರಿಂಗ್ ಕಂಬದ ಬುಡದಿಂದ ಗೇರ್‌ಬಾಕ್ಸಿಗೆ ಹೋಗುತ್ತವೆ. ಕೇಬಲ್ ಆ ಸರಳುಗಳ ನಡುವೆ ಹಾದರೆ ಒಂದನೇ ಗೇರಿನಲ್ಲಿ ಏನೂ ಆಗದೆ, ರಿವರ್ಸ್ ಹಾಕಿದಾಗ ಮಾತ್ರ ಸಿಕ್ಕಿಕೊಳ್ಳಬಹುದು. ಕ್ಲಚ್ ಲಿವರ್, ಆಕ್ಸಿಲರೇಟರ್ ಸರಳು, ಹ್ಯಾಂಡ್‌ಬ್ರೇಕ್ ತಂತಿ, ಪ್ರೊಪೆಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆಗೆ ಹೋಗುವ ದಂಡ), ಇವುಗಳಿಂದಲೂ ದೂರವಿರಲಿ. ಕ್ಲಚ್ ಲಿವರ್ ಹಿಂದೆ ಸರಿಯುವ ಜಾಗವನ್ನು ಪೆಡಲ್ ಒತ್ತಿಸಿಯೇ ನೋಡಬೇಕು, ಸುಮ್ಮನಿದ್ದಾಗ ಅಲ್ಲಿ ಬೇಕಾದಷ್ಟು ಜಾಗ ಕಾಣುತ್ತದೆ.

ಫೈರ್‌ವಾಲ್ ತೂತಿಗೆ ಹೊಕ್ಕುವ ಮುನ್ನ ಎಂಜಿನ್ ಬದಿಯಲ್ಲಿ ಕೇಬಲ್ ಸ್ವಲ್ಪ ಕೆಳಗಿಳಿದು ಮೇಲೇರುವಂತಿರಲಿ. ಮಳೆ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಕೇಬಲ್ ಹಿಡಿದುಕೊಂಡು ಕಾರಿನೊಳಗೆ ಬರುವುದಿಲ್ಲ.

ಈಗ ಪ್ರತಿ ತಿರುವಿಗೂ ರಟ್ಟು ಹಿಡಿದು ನೋಡಿ. ರಟ್ಟಿಗಿಂತ ಬಿಗಿಯಾಗಿದ್ದರೆ ದಾರಿ ಬದಲಿಸಿ. ಒಂದು ಬಿಗಿ ತಿರುವಿಗಿಂತ ಎರಡು ಸಡಿಲ ತಿರುವು ಮೇಲು.

ಹಂತ 5: ತುದಿಗಳನ್ನು ಸೇರಿಸುವುದು

ಗೇರ್‌ಬಾಕ್ಸ್ ತುದಿ ಮೊದಲು. ಇನ್ನರನ್ನು ಬೆರಳಿನಿಂದ ಹೊರಳಿಸುತ್ತಾ ಪಿನಿಯನ್ ತೂತಿಗೆ ಕೂರಿಸಿ, ನಟ್ಟನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ. ಅರ್ಧದಲ್ಲೇ ಬಿಗಿಯಾದರೆ ಚೌಕ ತುದಿ ಕೂತಿಲ್ಲ ಎಂದರ್ಥ. ಆಗ ಸ್ಪ್ಯಾನರ್ ಹಾಕಿ ಎಳೆದರೆ ಚೌಕದ ಮೂಲೆಗಳು ಜಜ್ಜಿಹೋಗುತ್ತವೆ. ಬಿಚ್ಚಿ ಮತ್ತೆ ಕೂರಿಸಿ.

ಮೀಟರ್ ಜೋಡಿಸುವ ಮೊದಲು ಇನ್ನರಿನ ಮೇಲ್ತುದಿ ಔಟರಿನಿಂದ ಎಷ್ಟು ಹೊರಗಿದೆ ಅಳೆಯಿರಿ. ಅಂಬಾಸಿಡರಿನಂಥ ಕಾರುಗಳಲ್ಲಿ ಸುಮಾರು 10 ಮಿ.ಮೀ. ಇರಬೇಕು. ಬೇರೆ ಕಾರಾದರೆ ಹಳೆಯ ಕೇಬಲ್ಲಿನ ಅಳತೆ ಹಿಡಿಯಿರಿ. ಜಾಸ್ತಿ ಹೊರಬಂದಿದ್ದರೆ ಮೀಟರಿನ ಶಾಫ್ಟನ್ನು ಮೇಲಕ್ಕೆ ದೂಡಿ ಕೀಚಲು ಸದ್ದು ಬರುತ್ತದೆ, ಕೊನೆಗೆ ಮೀಟರ್ ಹಾಳಾಗುತ್ತದೆ. ಕಡಿಮೆಯಿದ್ದರೆ ಚೌಕ ಜಾರಿ ಮುಳ್ಳು ಆಗಾಗ ಬೀಳುತ್ತದೆ.

ಇದಾದ ಮೇಲೆ ತಿರುಗುವ ಪರೀಕ್ಷೆ. ಮುಂದಿನ ಎರಡು ಗಾಲಿಗೂ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಗಾಲಿ ನೆಲದ ಮೇಲಿರಲಿ, ಇನ್ನೊಂದು ಮಾತ್ರ ಸ್ಟ್ಯಾಂಡಿನ ಮೇಲೆ ಎತ್ತಿರಲಿ. ಎರಡೂ ಎತ್ತಿದ್ದರೆ ಡಿಫರೆನ್ಷಿಯಲ್ (ಎರಡು ಹಿಂಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿ ಜೋಡಣೆ) ಕಾರಣದಿಂದ ಒಂದನ್ನು ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿ ಶಾಫ್ಟ್ ನಿಂತೇ ಇರಬಹುದು, ಕೇಬಲ್ ಸರಿಯಿಲ್ಲವೆಂದು ನೀವು ಸುಮ್ಮನೆ ಬಿಚ್ಚುತ್ತೀರಿ. ಒಬ್ಬರು ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸಲಿ, ಇನ್ನೊಬ್ಬರು ಡ್ಯಾಶ್‌ಬೋರ್ಡ್ ಹಿಂದೆ ಚೌಕ ತುದಿ ನೋಡಲಿ. ಗಾಲಿಯ ಜೊತೆಗೇ ಒಂದೇ ಸಮ ತಿರುಗಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಜಿಗಿದು ತಿರುಗಿದರೆ ದಾರಿಯಲ್ಲಿ ಬಿಗಿಯಿದೆ. ಹಂತ 4ಕ್ಕೆ ಮರಳಿ.

ಸರಿ ಕಂಡ ಮೇಲೆ ಮೀಟರಿಗೆ ಸೇರಿಸಿ, ನಟ್ ಕೈಯಲ್ಲೇ ಬಿಗಿಯಿರಿ.

ಹಂತ 6: ಕ್ಲ್ಯಾಂಪ್

ಕ್ಲ್ಯಾಂಪ್ ಕೇಬಲ್ಲನ್ನು ಆ ಜಾಗದಲ್ಲಿ ನಿಲ್ಲಿಸಿದರೆ ಸಾಕು, ಅಮುಕಬಾರದು. ಹಾಕಿದ ಮೇಲೆ ಔಟರ್ ಕೈಯಲ್ಲಿ ಸ್ವಲ್ಪ ಹೊರಳುವಂತಿರಬೇಕು. ಗೇರ್‌ಬಾಕ್ಸ್ ಹತ್ತಿರದ ಮೊದಲ ಕ್ಲ್ಯಾಂಪ್ ಒಂದು ಗೇಣಿಗಿಂತ ದೂರದಲ್ಲಿರಲಿ, ಎಂಜಿನ್ ಅಲುಗಾಟಕ್ಕೆ ಅಷ್ಟು ಸಡಿಲ ಬೇಕು. ಬ್ರೇಕ್ ಪೈಪಿಗೆ, ಪೆಟ್ರೋಲ್ ಪೈಪಿಗೆ ಅಥವಾ ವಯರಿಂಗಿಗೆ ಕಟ್ಟಬೇಡಿ. ಪ್ಲಾಸ್ಟಿಕ್ ಟೈ ಎಂಜಿನ್ ಶಾಖಕ್ಕೆ ಗಡುಸಾಗಿ ಮುರಿಯುತ್ತದೆ, ಆಗ ಕೇಬಲ್ ಜೋತು ಬೀಳುವುದು ಸೈಲೆನ್ಸರ್ ಪೈಪಿನ ಮೇಲೆಯೇ.

ಎಲ್ಲ ಬಿಗಿದ ಮೇಲೆ, ಎಂಜಿನ್ ನಿಲ್ಲಿಸಿಯೇ, ಒಬ್ಬರು ಕ್ಲಚ್ ಒತ್ತಿ ಒಂದೊಂದಾಗಿ ಎಲ್ಲ ಗೇರ್ ಮತ್ತು ರಿವರ್ಸ್ ಹಾಕಲಿ, ಸ್ಟೇರಿಂಗ್ ಎರಡು ಕಡೆಯೂ ಪೂರ್ತಿ ತಿರುಗಿಸಲಿ. ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಯಾವ ಭಾಗವೂ ಕೇಬಲ್ಲಿಗೆ ತಾಗಬಾರದು.

ಹಂತ 7: ಓಡಿಸಿ ನೋಡುವುದು

ಮೊದಲು ಊರೊಳಗೆ, ದಾವಣಗೆರೆಯವರಾದರೆ ಬೆಳಗ್ಗೆ ಬೇಗ ಹಳೇ ಪಿ.ಬಿ. ರಸ್ತೆಯಲ್ಲಿ, 20ರಿಂದ 40ರ ವೇಗದಲ್ಲಿ ಓಡಿಸಿ. ಮುಳ್ಳಿನ ನಡುಕ ಎದ್ದು ಕಾಣುವುದು ಈ ವೇಗದಲ್ಲೇ. ಡ್ಯಾಶ್‌ಬೋರ್ಡಿನಿಂದ ಟಿಕ್ ಟಿಕ್ ಸದ್ದು ಬಂದು, ವೇಗದ ಜೊತೆ ಜೋರಾದರೆ ಇನ್ನರ್ ಔಟರಿಗೆ ಬಡಿಯುತ್ತಿದೆ. ಕೀಚಲು ಸದ್ದಾದರೆ ಮೀಟರಿನ ಬುಷ್ ಒಣಗಿದೆ ಅಥವಾ ಇನ್ನರ್ ಜಾಸ್ತಿ ಹೊರಚಾಚಿದೆ. ಕೂಡಲೇ ನಿಲ್ಲಿಸಿ.

ಲೆಕ್ಕ ಸರಿಯಿದೆಯೇ ನೋಡಲು ರಾಷ್ಟ್ರೀಯ ಹೆದ್ದಾರಿ 48ರ ಕಿಲೋಮೀಟರ್ ಕಲ್ಲುಗಳು ಸಾಕು. ಮುಳ್ಳನ್ನು ಒಂದೇ ವೇಗದಲ್ಲಿ ಹಿಡಿದು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಆಯಿತೆಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ನೋಡಲಿ. ಗಂಟೆಗೆ 40 ಕಿ.ಮೀ. ಆದರೆ 90 ಸೆಕೆಂಡ್, 50ಕ್ಕೆ 72, 60ಕ್ಕೆ ಸರಿಯಾಗಿ 60. ಓಡೋಮೀಟರಿಗೆ, ಅಂದರೆ ಕಿಲೋಮೀಟರ್ ಅಂಕಿಗೆ, ಹತ್ತು ಕಲ್ಲು ದಾಟಿ ನೋಡಿ, ಒಂದೇ ಕಿಲೋಮೀಟರಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂಕಿಯೂ ಮುಳ್ಳೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಟೈರ್ ಅಳತೆ ಅಥವಾ ಪಿನಿಯನ್ ಹಲ್ಲು ಬದಲಾಗಿದೆ. ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದರೆ ಮೀಟರ್ ರಿಪೇರಿಯವರ ಕೆಲಸ, ಕೇಬಲ್ ಮುಟ್ಟಬೇಡಿ. 15 ವರ್ಷ ದಾಟಿ ನೋಂದಣಿ ನವೀಕರಣಕ್ಕೆ ಹೋಗುವ ಕಾರಾದರೆ ಈ ಪರೀಕ್ಷೆಯನ್ನು ಆರ್‌ಟಿಒ ಕಚೇರಿಗೆ ಹೋಗುವ ವಾರದ ಮೊದಲೇ ಮುಗಿಸಿಕೊಳ್ಳಿ.

ಸುಮಾರು 500 ಕಿ.ಮೀ. ಓಡಿದ ಮೇಲೆ ಒಮ್ಮೆ ಕೆಳಗೆ ಹೋಗಿ ನೋಡಿ. ಗೇರ್‌ಬಾಕ್ಸ್ ನಟ್ ಸಡಿಲವಾಗಿದ್ದರೆ ಕೈಯಲ್ಲಿ ಬಿಗಿಯಿರಿ. ಔಟರ್ ಮೇಲೆ ಹೊಸ ಉಜ್ಜಿದ ಗುರುತಿದ್ದರೆ ಆ ಜಾಗದ ಕ್ಲ್ಯಾಂಪನ್ನು ಸ್ವಲ್ಪ ಸರಿಸಿ. ಪಿನಿಯನ್ ಸುತ್ತ ಎಣ್ಣೆ ಒಸರಿದ್ದರೆ ಮೇಲಿನ ತುದಿಯನ್ನೂ ಬಿಚ್ಚಿ ಇನ್ನರ್ ಒದ್ದೆಯಾಗಿದೆಯೇ ನೋಡಿ. ಒದ್ದೆಯಿದ್ದರೆ ಸೀಲ್ ಸರಿಯಾಗಿ ಕೂತಿಲ್ಲ. ಇನ್ನರನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಸೀಲ್ ಬದಲಿಸಿ, ಮತ್ತೆ ತೆಳುವಾಗಿ ಗ್ರೀಸ್ ಸವರಿ ಹಾಕಿ.